ಮೆಟ್ಟಿಲ್ಲದ ಬೇಸ್ ಗಿಟಾರಿನ ಜಾಡು ಹಿಡಿದು

ಪಾಶ್ಚಾತ್ಯ ವಾದ್ಯವೃಂದದಲ್ಲಿ ಬೇಸ್ ಗಿಟಾರ್ ನುಡಿಸುವವನದು ಹೆಸರು ಬಾರದ ಕೆಲಸ. ಆತ ಸರಿಯಾಗಿ ನುಡಿಸುತ್ತಿರುವವರೆಗೆ ಸಭೆಯಲ್ಲಿ ಯಾರೂ ಅವನ ಕಡೆ ನೋಡುವುದಿಲ್ಲ. ಕೈ ತಪ್ಪಿತೋ, ಇಡೀ ತಂಡ ಕುಂಟತೊಡಗುತ್ತದೆ. ನಮ್ಮ ಕಛೇರಿಯಲ್ಲಿ ತಂಬೂರಿ ಮತ್ತು ಮೃದಂಗ ಹಂಚಿಕೊಂಡು ಮಾಡುವ ಕೆಲಸವನ್ನು ಅಲ್ಲಿ ಬಹುಮಟ್ಟಿಗೆ ಆತನೊಬ್ಬನೇ ಮಾಡಬೇಕು. ಒಂದು ಕಡೆ ಡ್ರಮ್‌ನವನ ಜೊತೆಗೂಡಿ ಲಯ ಹಿಡಿದಿರಬೇಕು; ಇನ್ನೊಂದು ಕಡೆ ಹಾಡುವವರಿಗೆ, ನುಡಿಸುವವರಿಗೆ ಕಾಲೂರಲು ಮಂದ್ರಸ್ವರಗಳ ನೆಲ ಹಾಸಿಕೊಡಬೇಕು. ನಾಲ್ಕೇ ತಂತಿ, ಗಿಟಾರಿಗಿಂತ ಒಂದು ಸ್ಥಾಯಿ ಕೆಳಗಿನ ದನಿ. ಕಿವಿಗಿಂತ ಎದೆಗೂಡಿಗೆ ಹೆಚ್ಚು ಕೇಳುವ ವಾದ್ಯ ಅದು.

ಇಂಥ ವಾದ್ಯವನ್ನು ಹಿಡಿದು ವೇದಿಕೆಯ ಮುಂದಕ್ಕೆ ಬಂದು ನಿಂತವರಲ್ಲಿ ಅಮೆರಿಕದ ಜಾಕೋ ಪಾಸ್ಟೋರಿಯಸ್‌ನ ಹೆಸರು ಮೊದಲ ಸಾಲಿನಲ್ಲಿದೆ. 1976ರಿಂದ ಈಚೆಗೆ ಬೇಸ್ ಕಲಿತವರಲ್ಲಿ ಅವನ ನೆರಳು ದಾಟಿ ಬಂದವರು ಕಡಿಮೆ. ಆದರೆ ಅವನ ಸಂಗೀತವನ್ನು ಕ್ರಮವಾಗಿ ಕೇಳಬೇಕೆಂದು ಹೊರಡುವವರಿಗೆ ಮೊದಲ ಹೆಜ್ಜೆಯಲ್ಲೇ ಒಂದು ತೊಡಕು ಎದುರಾಗುತ್ತದೆ. ಬದುಕಿದ್ದಾಗ ಆತ ಸ್ವಂತ ಹೆಸರಿನಲ್ಲಿ ಸ್ಟುಡಿಯೋದಲ್ಲಿ ಮಾಡಿಮುಗಿಸಿ ಹೊರತಂದ ಧ್ವನಿಮುದ್ರಿಕೆಗಳು ಎರಡೇ. ಅಂಗಡಿಯ ಕಪಾಟಿನಲ್ಲಿ ಅವನ ಹೆಸರಿನಡಿ ಇರುವವು ಮಾತ್ರ ಡಜನುಗಟ್ಟಲೆ. ಅವುಗಳಲ್ಲಿ ಹೆಚ್ಚಿನವು ಆತ ಸತ್ತ ಮೇಲೆ ಬಂದಂಥವು. ಕೆಲವು ಆತ ಖಾಯಿಲೆ ಬಿದ್ದು, ಕೈ ಮಾತು ಕೇಳದೆ ಇದ್ದ ದಿನಗಳವು. ಇತ್ತ ಅವನ ಅತ್ಯುತ್ತಮ ವಾದನದ ಅರ್ಧಕ್ಕೂ ಹೆಚ್ಚು ಪಾಲು ಇರುವುದು ಇತರರ ಹೆಸರಿನ ಮುದ್ರಿಕೆಗಳಲ್ಲಿ. ಹಾಗಾಗಿ ಎಲ್ಲಿ ಹುಡುಕಬೇಕು, ಯಾವುದನ್ನು ನಂಬಬೇಕು ಎನ್ನುವುದನ್ನು ಕೇಳುಗನೇ ತಿಳಿದುಕೊಳ್ಳಬೇಕಾಗುತ್ತದೆ.

ಕಾಲ ಕೂಡಿಬಂದದ್ದು ಸೊಗಸಾಗಿದೆ. ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ತನ್ನ ವಿದ್ಯುತ್ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದದ್ದು 1951ರಲ್ಲಿ; ಜಾಕೋ ಹುಟ್ಟಿದ್ದು ಅದೇ ವರ್ಷದ ಡಿಸೆಂಬರ್ 1ರಂದು. ಅದಕ್ಕೆ ಮುಂಚೆ ಬೇಸ್ ಎಂದರೆ ಆಳೆತ್ತರದ, ನಿಲ್ಲಿಸಿಕೊಂಡು ನುಡಿಸುವ ಪಿಟೀಲಿನ ದೊಡ್ಡಪ್ಪನಂಥ ವಾದ್ಯ. ಅದರ ಕುತ್ತಿಗೆಯ ಮೇಲೆ ಗೆರೆಗಳಿಲ್ಲ; ಸ್ವರಸ್ಥಾನವನ್ನು ಕಿವಿಯಿಂದಲೇ ಹುಡುಕಬೇಕು. ಫೆಂಡರ್ ಮಾಡಿದ್ದು ಇಷ್ಟೇ: ವಾದ್ಯವನ್ನು ಹೆಗಲಿಗೆ ತೂಗುಹಾಕಿಕೊಳ್ಳುವಷ್ಟು ಚಿಕ್ಕದು ಮಾಡಿ, ನಮ್ಮ ವೀಣೆಯ ಮೆಟ್ಟುಗಳಂತೆ ಕುತ್ತಿಗೆಗೆ ಅಡ್ಡಲಾಗಿ ಲೋಹದ ಫ್ರೆಟ್‌ಗಳನ್ನು ಕೂರಿಸಿದ. ಬೆರಳು ಆಚೀಚೆ ಬಿದ್ದರೂ ಸ್ವರ ನಿಖರವಾಗಿ ಬರುತ್ತದೆ. ಆ ವಾದ್ಯಕ್ಕೆ ‘ಪ್ರಿಸಿಷನ್’, ಅಂದರೆ ನಿಖರತೆ, ಎಂಬ ಹೆಸರೇ ಬಂದದ್ದು ಆ ಕಾರಣಕ್ಕೆ. ಮುಂದೆ ಜಾಕೋ ಕಿತ್ತುಹಾಕಿದ್ದು ಇದೇ ನಿಖರತೆಯನ್ನು.

ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದರೂ ಜಾಕೋ ಬೆಳೆದದ್ದು ಫ್ಲಾರಿಡಾದಲ್ಲಿ, ಫೋರ್ಟ್ ಲಾಡರ್‌ಡೇಲ್ ಆಸುಪಾಸಿನಲ್ಲಿ. ತಂದೆ ಡ್ರಮ್ ನುಡಿಸುತ್ತ ಹಾಡುತ್ತಿದ್ದವನು. ಮಗನೂ ಡ್ರಮ್‌ನಿಂದಲೇ ಆರಂಭಿಸಿದ. ಹದಿಮೂರರ ವಯಸ್ಸಿನಲ್ಲಿ ಫುಟ್‌ಬಾಲ್ ಆಡುವಾಗ ಮಣಿಕಟ್ಟಿಗೆ ಬಿದ್ದ ಪೆಟ್ಟು ಸರಿಯಾಗಿ ವಾಸಿಯಾಗಲಿಲ್ಲ. ಡ್ರಮ್ ಬಡಿಯುವ ಬಲ ಕೈಗೆ ಉಳಿಯಲಿಲ್ಲ. ಆಡುತ್ತಿದ್ದ ತಂಡದಲ್ಲಿ ಬೇಸ್‌ನವನ ಜಾಗ ಖಾಲಿಯಾದಾಗ ಅದನ್ನು ಹಿಡಿದ. ಅವನ ಬೇಸ್‌ನಲ್ಲಿ ಕೊನೆಯವರೆಗೂ ಒಬ್ಬ ಡ್ರಮ್ ವಾದಕ ಅಡಗಿ ಕುಳಿತಿದ್ದಾನೆ ಎಂಬುದು ಕೇಳುವವರಿಗೆ ತಿಳಿಯುತ್ತದೆ. ಮೀಟಿದ ಸ್ವರಗಳ ನಡುವೆ ಮೀಟಿಯೂ ಮೀಟದಂತೆ ಬಿಡುವ ಮೂಕ ಸ್ವರಗಳು, ಮೃದಂಗದ ಎಡಗೈಯ ಮೆಲ್ಲನೆಯ ತಟ್ಟಿನ ಹಾಗೆ, ಒಂದರ ಹಿಂದೊಂದು ಬರುತ್ತಿರುತ್ತವೆ.

ಆ ಊರಿನ ಗುಣವೂ ಸೇರಿತು. ಸಮುದ್ರದಾಚೆ ಕ್ಯೂಬಾ, ರೇಡಿಯೋದಲ್ಲಿ ಅಲ್ಲಿನ ಹಾಡು ಕೇಳುತ್ತಿತ್ತು. ಕೆರಿಬಿಯನ್ ದ್ವೀಪಗಳಿಂದ ಬಂದವರು, ಕರಿಯರ ಸೋಲ್ ಸಂಗೀತ, ಪ್ರವಾಸಿಗರ ಹೋಟೆಲುಗಳ ನೃತ್ಯದ ತಂಡಗಳು ಎಲ್ಲ ಒಂದೇ ಬೀದಿಯಲ್ಲಿ. ಹದಿನೆಂಟಕ್ಕೇ ಮದುವೆಯಾಗಿ, ಬೇಗನೆ ಮಗುವಿನ ತಂದೆಯೂ ಆದ ಹುಡುಗ ಹೊಟ್ಟೆಪಾಡಿಗೆ ಸಿಕ್ಕಿದ್ದೆಲ್ಲ ನುಡಿಸಿದ. 1972ರಲ್ಲಿ ವೇನ್ ಕಾಕ್ರನ್ ಎಂಬ ಸೋಲ್ ಗಾಯಕನ ತಂಡ ಸೇರಿ ಬಸ್ಸಿನಲ್ಲಿ ಊರೂರು ಅಲೆದ. ಸಂಗೀತವನ್ನು ಬರೆದು, ತುತ್ತೂರಿ ಸ್ಯಾಕ್ಸೊಫೋನ್‌ಗಳಿಗೆ ಹಂಚುವ ವಿದ್ಯೆ ಅವನಿಗೆ ಕೈವಶವಾದದ್ದು ಆ ಬಸ್ಸಿನಲ್ಲಿ. ಬೇಸ್‌ನ ಮೋಡಿಗಾರ ಎಂದು ಮಾತ್ರ ಅವನನ್ನು ನೆನೆಯುವವರು ಈ ಮಾತನ್ನು ಮರೆಯುತ್ತಾರೆ. ಅವನ ಆಸೆ ದೊಡ್ಡ ವಾದ್ಯವೃಂದಕ್ಕೆ ಸಂಗೀತ ಬರೆಯುವವನಾಗಬೇಕು ಎಂಬುದಾಗಿತ್ತು.

ಅವನ ಕೈಗೆ ಬಂದ ವಾದ್ಯ 1960ರ ದಶಕದ ಆರಂಭದ ಒಂದು ಫೆಂಡರ್ ಜಾಝ್ ಬೇಸ್. ಅದರ ಫ್ರೆಟ್‌ಗಳನ್ನು ಕಿತ್ತ ಕಥೆಯನ್ನು ಆತ ಒಂದೊಂದು ಸಲ ಒಂದೊಂದು ಬಗೆಯಲ್ಲಿ ಹೇಳಿದ್ದಾನೆ. ಬೆಣ್ಣೆ ಸವರುವ ಚಾಕುವಿನಿಂದ ಎಬ್ಬಿ ತೆಗೆದೆ ಎಂಬುದು ಹೆಚ್ಚು ಹಬ್ಬಿದ ಕಥೆ. ಕಿತ್ತ ಸಂದುಗಳಿಗೆ ಮರದ ಪುಟ್ಟಿ ತುಂಬಿ, ಮೇಲೆ ದೋಣಿಗಳಿಗೆ ಬಳಿಯುವ ಗಟ್ಟಿ ಎಪಾಕ್ಸಿ ಬಳಿಯಲಾಗಿತ್ತು. ಇದು ಅಲಂಕಾರಕ್ಕಲ್ಲ. ಫ್ರೆಟ್ ಇಲ್ಲದಾಗ ತಂತಿ ನೇರ ಮರಕ್ಕೆ ತಾಗುತ್ತದೆ. ಜಾಕೋ ಬಳಸುತ್ತಿದ್ದ ಸುರುಳಿ ಸುತ್ತಿದ ಉಕ್ಕಿನ ತಂತಿ ಮರವನ್ನು ಅರದಂತೆ ತಿಂದುಹಾಕುತ್ತದೆ. ಎಪಾಕ್ಸಿ ಆ ಸವೆತವನ್ನು ತಡೆಯಿತು. ಜೊತೆಗೆ ದನಿಗೆ ಗಾಜಿನಂಥ ಹೊಳಪನ್ನೂ ಕೊಟ್ಟಿತು.

ಮೆಟ್ಟಿಲ್ಲದ ಬೇಸ್ ಜಾಕೋನ ಸಂಶೋಧನೆಯೇನಲ್ಲ. ರೋಲಿಂಗ್ ಸ್ಟೋನ್ಸ್ ತಂಡದ ಬಿಲ್ ವೈಮನ್ 1960ರ ದಶಕದ ಆರಂಭದಲ್ಲೇ ತನ್ನ ಅಗ್ಗದ ಗಿಟಾರಿನ ಫ್ರೆಟ್ ಕಿತ್ತಿದ್ದ. 1970ರ ಹೊತ್ತಿಗೆ ಫೆಂಡರ್ ಕಂಪನಿಯೇ ಅಂಥದ್ದನ್ನು ಮಾರುತ್ತಿತ್ತು. ಆದರೆ ಅದರಿಂದ ಏನು ಹೇಳಬಹುದು ಎಂದು ಕಂಡವನು ಜಾಕೋ. ವೀಣೆಗೂ ಗೋಟುವಾದ್ಯಕ್ಕೂ ಇರುವ ವ್ಯತ್ಯಾಸ ಬಲ್ಲ ನಮ್ಮ ಕೇಳುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೆಟ್ಟು ಹೋದರೆ ಎರಡು ಸ್ವರಗಳ ನಡುವಿನ ದಾರಿಯೂ ವಾದಕನದಾಗುತ್ತದೆ. ಜಾರು, ಕಂಪನ, ಸ್ವರವನ್ನು ಸ್ವಲ್ಪ ತಡವಾಗಿ ಮುಟ್ಟುವ ಲಾಸ್ಯ ಎಲ್ಲ ಸಾಧ್ಯ. ದಂಡವೂ ಅಷ್ಟೇ ಕಠಿಣ: ಬೆರಳು ಕೂದಲೆಳೆಯಷ್ಟು ತಪ್ಪಿದರೂ ಅಪಸ್ವರ. ತನಗಿಂತ ಮುಂಚಿನವರು ಮೆತ್ತಗೆ, ಮರೆಯಲ್ಲಿ ನುಡಿಸಿ ಪಾರಾಗುತ್ತಿದ್ದುದನ್ನು ಜಾಕೋ ತಂತಿಯ ಬುಡದ ಹತ್ತಿರ, ದನಿ ಹರಿತವಾಗಿ ಕೇಳುವ ಕಡೆ ಮೀಟಿ, ಎಲ್ಲರೆದುರು ಇಟ್ಟ.

1975ರಲ್ಲಿ ಬ್ಲಡ್, ಸ್ವೆಟ್ ಅಂಡ್ ಟಿಯರ್ಸ್ ತಂಡದ ಡ್ರಮ್ ವಾದಕ ಬಾಬಿ ಕೊಲಂಬಿ ಫ್ಲಾರಿಡಾದಲ್ಲಿ ಅವನನ್ನು ಕೇಳಿ ಬೆರಗಾಗಿ ಎಪಿಕ್ ಕಂಪನಿಗೆ ಪರಿಚಯಿಸಿದ. ಮರುವರ್ಷ ‘ಜಾಕೋ ಪಾಸ್ಟೋರಿಯಸ್’ ಎಂಬ ಹೆಸರಿನದೇ ಮುದ್ರಿಕೆ ಬಂತು. ಹೊಸಬನೊಬ್ಬನ ಮೊದಲ ಮುದ್ರಿಕೆಗೆ ಹರ್ಬಿ ಹ್ಯಾನ್‌ಕಾಕ್, ವೇನ್ ಶಾರ್ಟರ್, ಮೈಕೆಲ್ ಬ್ರೆಕರ್, ಹ್ಯೂಬರ್ಟ್ ಲಾಸ್ ಮುಂತಾದವರು ನುಡಿಸಿದ್ದೇ ಒಂದು ಸೋಜಿಗ. ಮೊದಲ ತುಣುಕು ‘ಡೋನಾ ಲೀ’. ಚಾರ್ಲಿ ಪಾರ್ಕರ್ ಸ್ಯಾಕ್ಸೊಫೋನ್‌ನಲ್ಲಿ 1947ರಲ್ಲಿ ನುಡಿಸಿದ, ಉಸಿರು ಕಟ್ಟಿಸುವ ಓಟದ ಕೃತಿ. ಅದನ್ನು ಜಾಕೋ ಬೇಸ್‌ನಲ್ಲಿ, ಜೊತೆಗೆ ಡಾನ್ ಏಲಿಯಸ್‌ನ ಕಾಂಗಾ ಮದ್ದಳೆ ಬಿಟ್ಟು ಬೇರೇನೂ ಇಲ್ಲದೆ ನುಡಿಸುತ್ತಾನೆ. ಎರಡೂವರೆ ನಿಮಿಷದ ಈ ತುಣುಕಿನಲ್ಲಿ ಪಿಯಾನೋ ಇಲ್ಲ, ಗಿಟಾರ್ ಇಲ್ಲ. ಆದರೂ ರಾಗದ ಜೊತೆಗೆ ಅದರ ಆಧಾರಸ್ವರಗಳ ಚಲನೆಯೂ ಕೇಳುಗನಿಗೆ ಕಾಣುತ್ತಿರುತ್ತದೆ.

ಇನ್ನೊಂದು ‘ಪೋರ್ಟ್ರೇಟ್ ಆಫ್ ಟ್ರೇಸಿ’, ಹೆಂಡತಿಯ ಹೆಸರಿನ ಚಿತ್ರ. ಇಲ್ಲಿ ಬೇಸ್ ಒಂದೇ. ತಂತಿಯನ್ನು ಒತ್ತದೆ, ಗೊತ್ತಾದ ಬಿಂದುವಿನಲ್ಲಿ ಬೆರಳ ತುದಿಯನ್ನು ಸುಮ್ಮನೆ ತಾಗಿಸಿ ಮೀಟಿದರೆ ಮೂಲಸ್ವರ ಅಡಗಿ, ಅದರೊಳಗೆ ಹುದುಗಿದ್ದ ಮೇಲಿನ ಸ್ವರವೊಂದು ಗಂಟೆಯಂತೆ ಕೇಳಿಸುತ್ತದೆ. ಶ್ರುತಿ ಕೂಡಿದ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ತಾನಾಗಿ ಹೊಮ್ಮುವುದನ್ನು ನಮ್ಮವರು ಸ್ವಯಂಭೂ ಗಾಂಧಾರ ಎನ್ನುತ್ತಾರಲ್ಲ, ಅದೇ ಕುಲದ ಸ್ವರಗಳಿವು. ಶ್ರುತಿ ಮಾಡಿಕೊಳ್ಳಲು ಎಲ್ಲ ವಾದಕರೂ ಬಳಸುತ್ತಿದ್ದ ಈ ಉಪಾಯದಿಂದ ಜಾಕೋ ಎರಡು ನಿಮಿಷ ಚಿಲ್ಲರೆಯ ಪೂರ್ತಿ ಕೃತಿಯೊಂದನ್ನು ಕಟ್ಟಿದ. ಬೇಸ್ ಕಲಿಯುವ ಹುಡುಗರಿಗೆ ಇವತ್ತಿಗೂ ಇದೊಂದು ಪರೀಕ್ಷೆಯ ಪಾಠ. ಆದರೆ ಅವರ ಕೈಯಲ್ಲಿ ಅದು ಅನೇಕ ವೇಳೆ ಕಸರತ್ತಾಗಿ ಕೇಳುತ್ತದೆ, ಮೂಲದಲ್ಲಿ ಹಾಗೆ ಕೇಳುವುದಿಲ್ಲ.

ಇದೇ ಮುದ್ರಿಕೆಯಲ್ಲಿ ತಂತಿವಾದ್ಯಗಳ ಮೇಳಕ್ಕೆ ಬರೆದದ್ದಿದೆ, ಸ್ಯಾಮ್ ಮತ್ತು ಡೇವ್ ಜೋಡಿ ಹಾಡಿದ ಸೋಲ್ ಹಾಡಿದೆ, ಟ್ರಿನಿಡಾಡಿನವರು ಎಣ್ಣೆಯ ಪೀಪಾಯಿಗಳನ್ನು ತಟ್ಟಿ ತಿದ್ದಿ ಮಾಡಿಕೊಂಡ ಸ್ಟೀಲ್ ಪ್ಯಾನ್ ಕೂಡ ಇದೆ. ಇಷ್ಟನ್ನೂ ಒಟ್ಟಿಗೆ ಇಟ್ಟುಕೊಂಡ ಮನಸ್ಸು ಯಾವುದೋ ಒಂದು ತಂಡದಲ್ಲಿ ಮೂಲೆಗೆ ನಿಂತು ತೃಪ್ತಿಪಡುವಂಥದ್ದಲ್ಲ ಎಂಬುದು ಆಗಲೇ ಗೊತ್ತಾಗಬೇಕಿತ್ತು. ಎರಡು ಗ್ರ್ಯಾಮಿ ನಾಮಕರಣಗಳೂ ಬಂದವು.

ಇನ್ನು ಇತರರ ಮನೆಗಳ ಕಡೆಗೆ. 1975ರ ಡಿಸೆಂಬರಿನಲ್ಲಿ ಜರ್ಮನಿಯಲ್ಲಿ ಮುದ್ರಣಗೊಂಡ ‘ಬ್ರೈಟ್ ಸೈಜ್ ಲೈಫ್’ ಇಪ್ಪತ್ತೊಂದರ ಹರೆಯದ ಗಿಟಾರ್ ವಾದಕ ಪ್ಯಾಟ್ ಮೆಥೀನಿಯದು. ಮೂರೇ ಜನರ ತಂಡ. ಗಿಟಾರ್ ಮತ್ತು ಬೇಸ್ ಒಂದನ್ನೊಂದು ಮಾತನಾಡಿಸುತ್ತ ಹೋಗುವುದನ್ನು ಕೇಳಬೇಕೆಂದರೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಬಂದಾಗ ಹೆಚ್ಚು ಮಾರಾಟವಾಗದ ಈ ಮುದ್ರಿಕೆಗೆ ಮರ್ಯಾದೆ ನಿಧಾನವಾಗಿ ಸಂದಿತು.

ಕೆನಡಾದ ಹಾಡುಗಾರ್ತಿ ಜೋನಿ ಮಿಚೆಲ್‌ಗೆ ಬೇರೊಂದು ಬೇಸರವಿತ್ತು. ಬೇಸ್‌ನವರು ಸದಾ ಮೂಲಸ್ವರಕ್ಕೇ ಜೋತುಬಿದ್ದು, ಹಾಡಿಗೆ ಬೇಲಿ ಕಟ್ಟಿದಂತೆ ನುಡಿಸುತ್ತಾರೆ ಎಂಬುದು ಆಕೆಯ ದೂರು. ಜಾಕೋನಲ್ಲಿ ಆಕೆಗೆ ಬೇಕಾದವನು ಸಿಕ್ಕ. 1976ರ ‘ಹೆಜೀರಾ’ದ ನಾಲ್ಕು ಹಾಡುಗಳಲ್ಲಿ ಆತ ನುಡಿಸಿದ್ದಾನೆ. ಅಮೆರಿಕದ ಹೆದ್ದಾರಿಗಳಲ್ಲಿ ಕಾರು ಓಡಿಸುತ್ತ ಬರೆದ ಒಂಟಿತನದ ಹಾಡುಗಳವು. ಆಕೆ ಒಂದು ಸಾಲು ಹಾಡಿ ನಿಲ್ಲಿಸಿದಲ್ಲಿ ಬೇಸ್ ಅದೇ ಮಾತನ್ನು ತನ್ನದೇ ದನಿಯಲ್ಲಿ ಮುಂದುವರಿಸುತ್ತದೆ. ಹಾಡುಗಾರ್ತಿಯ ಹಿಂದೆ ನುಡಿಸುವ ನಮ್ಮ ಪಿಟೀಲಿನವರ ಕ್ರಮಕ್ಕೆ ಇದು ಹತ್ತಿರ. ಜಾಕೋ ತನ್ನ ಜೀವಮಾನದಲ್ಲಿ ನುಡಿಸಿದ್ದರಲ್ಲಿ ಯಾವುದು ಮೇಲು ಎಂದು ಯಾರಾದರೂ ಕೇಳಿದರೆ ಅವನ ಸ್ವಂತ ಮುದ್ರಿಕೆಗಳನ್ನು ಬಿಟ್ಟು ಇದನ್ನೇ ಕೈಗಿಡಬಹುದು. ಇಲ್ಲಿ ಆತನಿಗೆ ಗೆಲ್ಲಬೇಕಾದ್ದು ಏನೂ ಇರಲಿಲ್ಲ.

ಗೆಲ್ಲಬೇಕೆಂಬ ಹಟ ಎದ್ದು ಕಾಣುವುದು ವೆದರ್ ರಿಪೋರ್ಟ್ ತಂಡದಲ್ಲಿ. ವಿಯೆನ್ನಾದಿಂದ ಬಂದು ಅಮೆರಿಕದಲ್ಲಿ ನೆಲೆಸಿದ ಕೀಬೋರ್ಡ್ ವಾದಕ ಜೋ ಝಾವಿನುಲ್ ಮತ್ತು ಸ್ಯಾಕ್ಸೊಫೋನ್‌ನ ವೇನ್ ಶಾರ್ಟರ್ ಕಟ್ಟಿದ ತಂಡ ಅದು. ಮಯಾಮಿಯಲ್ಲಿ ಕಛೇರಿ ಮುಗಿಸಿ ಹೊರಬಂದ ಝಾವಿನುಲ್‌ನ ಎದುರು ಅಪರಿಚಿತ ಯುವಕನೊಬ್ಬ ನಿಂತು, ತಾನು ಜಗತ್ತಿನ ಅತಿ ದೊಡ್ಡ ಬೇಸ್ ವಾದಕ ಎಂದು ಹೇಳಿಕೊಂಡ. ಝಾವಿನುಲ್ ಅವನನ್ನು ಗದರಿ ಅಟ್ಟಿದ. ಆದರೂ ಟೇಪು ತರಿಸಿಕೊಂಡು ಕೇಳಿದ. ಕೇಳಿದ ಮೇಲೆ ಆತ ವಿಚಾರಿಸಿದ್ದು, ಈ ಹುಡುಗ ವಿದ್ಯುತ್ ಬೇಸ್ ಕೂಡ ನುಡಿಸಬಲ್ಲನೇ ಎಂದು. ಟೇಪಿನಲ್ಲಿದ್ದದ್ದು ನಿಲ್ಲಿಸಿ ನುಡಿಸುವ ಹಳೆಯ ವಾದ್ಯ ಎಂದೇ ಅವನು ತಿಳಿದಿದ್ದ.

1976ರ ‘ಬ್ಲ್ಯಾಕ್ ಮಾರ್ಕೆಟ್’ನ ಎರಡು ತುಣುಕುಗಳಲ್ಲಿ ಜಾಕೋ ಕಾಣಿಸಿಕೊಂಡ. 1977ರ ‘ಹೆವಿ ವೆದರ್’ ಹೊತ್ತಿಗೆ ಆತ ತಂಡದ ಮೂರನೆಯ ಕಂಬ. ‘ಬರ್ಡ್‌ಲ್ಯಾಂಡ್’ ಎಂಬ ಅದರ ಜನಪ್ರಿಯ ಕೃತಿಯ ಆರಂಭದಲ್ಲಿ ತೇಲಿಬರುವ ಎತ್ತರದ ಧಾಟಿಯನ್ನು ಗಿಟಾರ್ ಎಂದುಕೊಂಡವರೇ ಹೆಚ್ಚು. ಅದು ಬೇಸ್‌ನ ಗಂಟೆಸ್ವರ. ‘ಟೀನ್ ಟೌನ್’ ಅವನದೇ ರಚನೆ, ಅದರಲ್ಲಿ ಡ್ರಮ್ ಕೂಡ ಅವನೇ ನುಡಿಸಿದ್ದಾನೆ. ಮಣಿಕಟ್ಟಿನ ಹಳೆಯ ಪೆಟ್ಟಿಗೆ ಉತ್ತರ ಕೊಟ್ಟಂತೆ. ಜಾಝ್ ತಂಡಕ್ಕೆ ಅಪರೂಪವಾದ ಚಿನ್ನದ ಮುದ್ರಿಕೆಯ ಮನ್ನಣೆ ಇದಕ್ಕೆ ಸಿಕ್ಕಿತು.

ಸಭೆಯಲ್ಲಿ ಆತ ಹೇಗಿದ್ದ ಎಂದು ತಿಳಿಯಬೇಕಾದವರು 1979ರ ‘ಎಯ್ಟ್ ಥರ್ಟಿ’ಯನ್ನು ಕೇಳಬೇಕು. ಹಿಂದಿನ ವರ್ಷದ ಪ್ರವಾಸದಲ್ಲಿ ಮುದ್ರಿಸಿದ ಕಛೇರಿಗಳು ಇದರ ಬಹುಭಾಗ; ಗ್ರ್ಯಾಮಿ ಪಡೆದ ಮುದ್ರಿಕೆ. ಇದರಲ್ಲಿ ‘ಸ್ಲ್ಯಾಂಗ್’ ಎಂಬ ಒಂಟಿ ಬೇಸ್ ವಾದನವಿದೆ. ತಾನು ನುಡಿಸಿದ ತುಣುಕನ್ನು ಯಂತ್ರವೊಂದು ಹಿಡಿದಿಟ್ಟು ಮತ್ತೆ ಮತ್ತೆ ನುಡಿಸುವಂತೆ ಮಾಡಿ, ಅದರ ಮೇಲೆ ತಾನೇ ಸವಾರಿ ಮಾಡುವುದು. ಈಗ ಬೀದಿಯಲ್ಲಿ ನುಡಿಸುವ ಹುಡುಗರ ಕೈಯಲ್ಲೂ ಈ ಯಂತ್ರವಿದೆ. 1978ರಲ್ಲಿ ಸಭಾಂಗಣಗಳು ದಂಗಾಗಿದ್ದವು. ಅಂಗಿ ಬಿಚ್ಚಿ ಕುಣಿಯುವುದು, ಗಿಟಾರನ್ನು ನೆಲಕ್ಕಿಟ್ಟು ಅದರ ಮೇಲಿಂದ ಹಾರುವುದು ಎಲ್ಲ ಇತ್ತು. ರಾಕ್ ಸಂಗೀತದ ಜನರನ್ನು ವೆದರ್ ರಿಪೋರ್ಟ್‌ನತ್ತ ಎಳೆದು ತಂದದ್ದರಲ್ಲಿ ಈ ಆಟಕ್ಕೂ ಪಾಲಿದೆ. ತೂಕದ ರಸಿಕರು ಇದನ್ನು ಕಂಡು ಮುಖ ಸಿಂಡರಿಸಿದ್ದೂ ಉಂಟು, ಅವರನ್ನು ಪೂರ್ತಿ ತಪ್ಪೆನ್ನಲಾಗದು.

1979ರ ಮಾರ್ಚ್‌ನಲ್ಲಿ ಹವಾನಾದಲ್ಲಿ ಅಮೆರಿಕ ಮತ್ತು ಕ್ಯೂಬಾದ ಸಂಗೀತಗಾರರ ಮೂರು ದಿನಗಳ ಮೇಳ ನಡೆಯಿತು. ಅಲ್ಲಿ ಜಾಕೋ, ‘ಶಕ್ತಿ’ ತಂಡದ ಮೂಲಕ ನಮ್ಮವರಿಗೆ ಪರಿಚಿತನಾದ ಗಿಟಾರ್ ವಾದಕ ಜಾನ್ ಮೆಕ್‌ಲಾಗ್ಲಿನ್ ಮತ್ತು ಡ್ರಮ್‌ನ ಟೋನಿ ವಿಲಿಯಮ್ಸ್ ಮೂವರೇ ನುಡಿಸಿದರು. ಹೆಸರುಗಳನ್ನು ಕೇಳಿದರೆ ಬಾಯಿ ನೀರೂರುತ್ತದೆ. ಅಂದು ಮೂವರೂ ಮೂರು ದಿಕ್ಕು. ನ್ಯೂಯಾರ್ಕಿನಲ್ಲಿ ಅದನ್ನೇ ಮತ್ತೆ ಮುದ್ರಿಸಲು ಕೂತಾಗ ಜಗಳವಾಯಿತು. ‘ಟ್ರಿಯೋ ಆಫ್ ಡೂಮ್’ ಎಂಬ ಹೆಸರಿನಲ್ಲಿ ಆ ಟೇಪುಗಳು 2007ರಲ್ಲಿ ಹೊರಬಂದವು. ಕುತೂಹಲಕ್ಕೆ ಒಮ್ಮೆ ಕೇಳಬಹುದಾದದ್ದು, ಅಷ್ಟೇ.

ಎರಡನೆಯ ಸ್ವಂತ ಮುದ್ರಿಕೆ ‘ವರ್ಡ್ ಆಫ್ ಮೌತ್’ 1981ರದು, ವಾರ್ನರ್ ಕಂಪನಿಗೆ ಮಾಡಿದ್ದು. ಕಂಪನಿ ನಿರೀಕ್ಷಿಸಿದ್ದು ಇನ್ನೊಂದು ‘ಬರ್ಡ್‌ಲ್ಯಾಂಡ್’. ಜಾಕೋ ಮುದ್ರಿಕೆಯನ್ನು ಆರಂಭಿಸಿದ್ದು ‘ಕ್ರೈಸಿಸ್’ ಎಂಬ ಬಿರುಗಾಳಿಯಿಂದ. ಅದರಲ್ಲಿ ನುಡಿಸಿದವರಲ್ಲಿ ಹಲವರಿಗೆ ಉಳಿದವರು ಏನು ನುಡಿಸಿದ್ದಾರೆಂಬುದನ್ನು ಪೂರ್ತಿ ಕೇಳಿಸಿರಲಿಲ್ಲ. ಬಿಡಿಬಿಡಿಯಾಗಿ ನುಡಿಸಿದ್ದನ್ನು ಆತ ಒಂದರ ಮೇಲೊಂದು ಪೇರಿಸಿದ. ಅಂಗಡಿಗೆ ಬಂದವನು ಮೊದಲ ಐದು ನಿಮಿಷ ಕೇಳಿ ಕೆಳಗಿಟ್ಟು ಹೋಗುವಂಥ ಆರಂಭ. ತಾಳಿ ಮುಂದೆ ಹೋದವನಿಗೆ ‘ತ್ರೀ ವ್ಯೂಸ್ ಆಫ್ ಎ ಸೀಕ್ರೆಟ್’ ಸಿಗುತ್ತದೆ. ಬೆಲ್ಜಿಯಮ್ಮಿನ ಟೂಟ್ಸ್ ತೀಲೆಮಾನ್ಸ್‌ನ ಮೌತ್ ಆರ್ಗನ್ ಹಾಡುತ್ತಿದ್ದರೆ ಸುತ್ತ ದೊಡ್ಡ ಮೇಳವೊಂದು ಅಲೆಯಂತೆ ಎದ್ದು ಇಳಿಯುತ್ತದೆ, ಬೇಸ್ ತನ್ನ ಹಳೆಯ ಜಾಗದಲ್ಲಿ, ಕೆಳಗೆ, ಸುಮ್ಮನೆ ನಿಂತಿರುತ್ತದೆ. ಬಾಕ್‌ನ ‘ಕ್ರೋಮ್ಯಾಟಿಕ್ ಫ್ಯಾಂಟಸಿ’ ಇದೆ, ಬೀಟಲ್ಸ್ ಹಾಡಿದೆ, ಮಯಾಮಿಯ ಕರಿಯರ ಬಡಾವಣೆಯೊಂದರ ಹೆಸರಿನ ‘ಲಿಬರ್ಟಿ ಸಿಟಿ’ ಇದೆ. ವಿಮರ್ಶಕರು ಮೆಚ್ಚಿದರೂ ಮಾರಾಟ ಕಂಪನಿ ಬಯಸಿದಷ್ಟು ಆಗಲಿಲ್ಲ. ಮುಂದೆ ಸ್ಟೀಲ್ ಪ್ಯಾನ್‌ಗಳನ್ನೇ ಮುಂದಿಟ್ಟುಕೊಂಡು ಮಾಡಹೊರಟ ಮುದ್ರಿಕೆಯನ್ನು ಕಂಪನಿ ಒಪ್ಪಲಿಲ್ಲ.

1982ರ ಆರಂಭದಲ್ಲಿ ಜಾಕೋ ವೆದರ್ ರಿಪೋರ್ಟ್ ಬಿಟ್ಟ. ಡ್ರಮ್ ವಾದಕ ಪೀಟರ್ ಅರ್ಸ್ಕಿನ್ ಕೂಡ. ‘ವರ್ಡ್ ಆಫ್ ಮೌತ್’ ಎಂಬ ಹೆಸರಿನ ದೊಡ್ಡ ತಂಡ ಕಟ್ಟಿಕೊಂಡ. ಈ ತಂಡದ ಕಛೇರಿಗಳೇ ಅವನ ಸಂಗೀತದ ಶಿಖರ ಎಂದರೆ ತಪ್ಪಾಗದು. ಮೂರು ಕಛೇರಿಗಳ ಮುದ್ರಣ ಸಿಗುತ್ತದೆ. ಮೊದಲನೆಯದು 1981ರ ಡಿಸೆಂಬರ್ 1, ಅವನ ಮೂವತ್ತನೆಯ ಹುಟ್ಟುಹಬ್ಬದಂದು ಫೋರ್ಟ್ ಲಾಡರ್‌ಡೇಲ್‌ನ ಕ್ಲಬ್ಬೊಂದರಲ್ಲಿ ಊರ ಗೆಳೆಯರು, ನ್ಯೂಯಾರ್ಕಿನ ಗೆಳೆಯರು ಕೂಡಿ ನುಡಿಸಿದ್ದು. ‘ದಿ ಬರ್ತ್‌ಡೇ ಕಾನ್ಸರ್ಟ್’ ಎಂದು 1995ರಲ್ಲಿ ಬಂತು. ಎರಡನೆಯದು 1982ರ ಜೂನ್ 27ರಂದು ನ್ಯೂಯಾರ್ಕಿನ ಏವರಿ ಫಿಶರ್ ಹಾಲ್‌ನಲ್ಲಿ ನಡೆದದ್ದು. ರೇಡಿಯೋಗಾಗಿ ಮುದ್ರಿಸಿದ ಅದು ಪೂರ್ತಿಯಾಗಿ ‘ಟ್ರುತ್, ಲಿಬರ್ಟಿ ಅಂಡ್ ಸೋಲ್’ ಹೆಸರಿನಲ್ಲಿ ಹೊರಬಂದದ್ದು 35 ವರ್ಷಗಳ ನಂತರ, 2017ರಲ್ಲಿ. ಎರಡು ಗಂಟೆಗೂ ಮಿಕ್ಕಿದ ಈ ಮುದ್ರಣದಲ್ಲಿ ಬೇಸ್ ವಾದಕನ ಜೊತೆಗೆ ಮೇಳದ ನಾಯಕನೂ ಕೇಳಸಿಗುತ್ತಾನೆ. ಮೂರನೆಯದು ಅದೇ ವರ್ಷದ ಸೆಪ್ಟೆಂಬರಿನ ಜಪಾನ್ ಪ್ರವಾಸದ್ದು. ಅಲ್ಲಿ ‘ಟ್ವಿನ್ಸ್’ ಎಂಬ ಎರಡು ಭಾಗಗಳಲ್ಲಿ, ಅಮೆರಿಕದಲ್ಲಿ ಆಯ್ದ ಭಾಗ ಮಾತ್ರ ‘ಇನ್ವಿಟೇಷನ್’ ಎಂದು 1983ರಲ್ಲಿ ಬಂತು.

ಜಪಾನಿನ ಮುದ್ರಣಗಳನ್ನು ಕೇಳಿದರೆ ತೊಂದರೆಯ ಸುಳಿವು ಸಿಗುವುದಿಲ್ಲ. ತೊಂದರೆ ವೇದಿಕೆಯ ಹೊರಗಿತ್ತು. ಆತ ತಲೆ ಬೋಳಿಸಿಕೊಂಡು ಮುಖಕ್ಕೆ ಬಣ್ಣ ಬಳಿದುಕೊಂಡದ್ದು, ಬೇಸ್ ಗಿಟಾರೊಂದನ್ನು ಹಿರೋಶಿಮಾದ ಕೊಲ್ಲಿಗೆ ಎಸೆದದ್ದು ಆ ಪ್ರವಾಸದ ಕಥೆಗಳು. ತಿರುಗಿ ಬಂದ ಮೇಲೆ ವೈದ್ಯರು ಅದಕ್ಕೆ ಹೆಸರಿಟ್ಟರು. ಆಗ ‘ಮ್ಯಾನಿಕ್ ಡಿಪ್ರೆಶನ್’ ಎನ್ನುತ್ತಿದ್ದ, ಈಗ ಬೈಪೋಲಾರ್ ಎನ್ನುವ ಕಾಯಿಲೆ: ಕೆಲವು ಕಾಲ ನಿದ್ದೆಯಿಲ್ಲದ ಉನ್ಮಾದ, ಕೆಲವು ಕಾಲ ಏಳಲಾಗದ ಖಿನ್ನತೆ. ಮದ್ಯ ಮತ್ತು ಮಾದಕ ವಸ್ತುಗಳು ಅದನ್ನು ಕೆರಳಿಸಿದವು. ಚಿಕಿತ್ಸೆಗೆ ಕೊಟ್ಟ ಲಿಥಿಯಂ ಬೆರಳುಗಳನ್ನು ಮರಗಟ್ಟಿಸುತ್ತದೆ ಎಂದು ಆತ ಅದನ್ನು ಬಿಟ್ಟುಬಿಡುತ್ತಿದ್ದ. ಬೆರಳಿನಿಂದಲೇ ಬದುಕುವವನ ಭಯ ಎಂಥದ್ದೆಂದು ಊಹಿಸಬಹುದು.

ಅವನ ಬಗ್ಗೆ ಬರೆಯುವವರು ಈ ಕಾಯಿಲೆಯನ್ನು ಪ್ರತಿಭೆಯ ಇನ್ನೊಂದು ಮುಖ ಎಂದು ಶೃಂಗರಿಸುವುದುಂಟು. ಕೇಳುವ ಕಿವಿಗೆ ಇದು ಸುಳ್ಳು. 1976ರ ಕೈ ನಿಖರ, ಮನಸ್ಸು ಸ್ವಚ್ಛ; ಮೆಟ್ಟಿಲ್ಲದ ವಾದ್ಯದಲ್ಲಿ ಶ್ರುತಿ ಕದಲದೆ ನಿಲ್ಲುವುದು ಶಿಸ್ತಿನ ಕೆಲಸ. ಕಾಯಿಲೆ ಏನು ಮಾಡಿತು ಎನ್ನುವುದು 1980ರ ದಶಕದ ನಡುವಿನ ಕ್ಲಬ್ ಮುದ್ರಣಗಳಲ್ಲಿ ಕೇಳುತ್ತದೆ. ಶ್ರುತಿ ಅಲುಗುತ್ತದೆ. ಹಳೆಯ ತುಣುಕುಗಳೇ ಮತ್ತೆ ಮತ್ತೆ ಬರುತ್ತವೆ. ಜೊತೆಗಾರರು ಅವನಿಗಾಗಿ ಕಾಯುತ್ತಿರುವುದು ತಿಳಿಯುತ್ತದೆ. ದಿನವೊಂದರಲ್ಲಿ ಹಳೆಯ ಬೆಳಕು ಹೊಳೆಯುವುದೂ ಇದೆ. 1986ರ ಇಟಲಿಯ ಒಂಟಿ ಕಛೇರಿ ‘ಆನೆಸ್ಟ್‌ಲಿ’ಯನ್ನು ಸಂಕಟದಿಂದಲೇ ಆದರೂ ಪೂರ್ತಿ ಕೇಳಿದವರಿದ್ದಾರೆ.

ಆ ಹೊತ್ತಿಗೆ ಮನೆ ಮುರಿದಿತ್ತು, ಕಂಪನಿಗಳು ಬಾಗಿಲು ಮುಚ್ಚಿದ್ದವು. ನ್ಯೂಯಾರ್ಕಿನ ಬಾಸ್ಕೆಟ್‌ಬಾಲ್ ಅಂಗಳಗಳಲ್ಲಿ, ಉದ್ಯಾನಗಳಲ್ಲಿ ರಾತ್ರಿ ಕಳೆಯುತ್ತಿದ್ದ. 1985ರಲ್ಲಿ ಬೇಸ್ ಕಲಿಯುವವರಿಗಾಗಿ ಒಂದು ಪಾಠದ ವೀಡಿಯೋ ತೆಗೆದರು. ಜಾಕೋ ಚಿಕ್ಕಂದಿನಿಂದ ಆರಾಧಿಸುತ್ತಿದ್ದ ಹಿರಿಯ ವಾದಕ ಜೆರಿ ಜೆಮಟ್ ಅದರಲ್ಲಿ ಪ್ರಶ್ನೆ ಕೇಳುವವನು. ನೀನು ಇಷ್ಟು ಜನರ ಮೇಲೆ ಪ್ರಭಾವ ಬೀರಿದ್ದೀಯಲ್ಲ ಎಂಬರ್ಥದ ಹೊಗಳಿಕೆ ಬಂದಾಗ ಜಾಕೋ ನಗುತ್ತ, ನನಗೊಂದು ಕಛೇರಿ ಕೊಡಿಸಿ ಸಾಕು ಎಂಬಂತೆ ಉತ್ತರಿಸುತ್ತಾನೆ. 1986ರಲ್ಲಿ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಕೆಲವು ವಾರ ಇದ್ದು, ವರ್ಷದ ಕೊನೆಗೆ ಫ್ಲಾರಿಡಾಕ್ಕೆ ಮರಳಿದ.

1987ರ ಸೆಪ್ಟೆಂಬರ್ 11ರ ರಾತ್ರಿ ಊರ ಹತ್ತಿರ ಕಾರ್ಲೋಸ್ ಸಂತಾನಾನ ಕಛೇರಿ. ಜಾಕೋ ವೇದಿಕೆ ಏರಲು ಹೋದ, ಹೊರಗೆ ಹಾಕಿದರು. ಅಲ್ಲಿಂದ ವಿಲ್ಟನ್ ಮ್ಯಾನರ್ಸ್‌ನ ಕ್ಲಬ್ಬೊಂದರ ಬಾಗಿಲಿಗೆ ಹೋಗಿ ಒಳಗೆ ಬಿಡಲಿಲ್ಲವೆಂದು ಗಲಾಟೆ ಮಾಡಿದ. ಅಲ್ಲಿನ ಕಾವಲಿನವನು ಹೊಡೆದ. ಮುಖ, ತಲೆಗಳಿಗೆ ಬಿದ್ದ ಪೆಟ್ಟಿನಿಂದ ಎಚ್ಚರ ತಪ್ಪಿದವನು ಮತ್ತೆ ಏಳಲಿಲ್ಲ. ಸೆಪ್ಟೆಂಬರ್ 21ರಂದು ತೀರಿಕೊಂಡಾಗ ವಯಸ್ಸು 35. ಹೊಡೆದವನು ತಪ್ಪೊಪ್ಪಿಕೊಂಡು 22 ತಿಂಗಳ ಶಿಕ್ಷೆ ಪಡೆದ, ನಾಲ್ಕು ತಿಂಗಳಿಗೆ ಹೊರಬಂದ. ಮರುವರ್ಷ ‘ಡೌನ್‌ಬೀಟ್’ ಪತ್ರಿಕೆಯ ಓದುಗರು ಜಾಕೋನನ್ನು ತಮ್ಮ ಗೌರವ ಪಟ್ಟಿಗೆ ಆರಿಸಿದರು.

ಆಮೇಲೆ ಶುರುವಾದದ್ದು ಟೇಪುಗಳ ವ್ಯಾಪಾರ. ಕ್ಲಬ್ಬುಗಳಲ್ಲಿ ಯಾರೋ ಮುದ್ರಿಸಿಕೊಂಡಿದ್ದೆಲ್ಲ ಒಂದೊಂದಾಗಿ ಸಿ.ಡಿ.ಗಳಾದವು. ಇದು ಪೂರ್ತಿ ಸತ್ತ ಮೇಲಿನ ಮಾತೂ ಅಲ್ಲ. 1974ರಲ್ಲಿ ಪಿಯಾನೋ ವಾದಕ ಪಾಲ್ ಬ್ಲೇ ಜೊತೆ ಇನ್ನೂ ಹೆಸರಿಲ್ಲದ ಜಾಕೋ ಮತ್ತು ಮೆಥೀನಿ ನುಡಿಸಿದ ಮುದ್ರಿಕೆಯೊಂದು ಮುಂದೆ ‘ಜಾಕೋ’ ಎಂಬ ಶೀರ್ಷಿಕೆಯಲ್ಲೇ ಮಾರಾಟವಾಯಿತು. ಅದನ್ನು ಅವನ ಸ್ವಂತ ಮುದ್ರಿಕೆ ಎಂದುಕೊಂಡು ಕೊಂಡವರು ಬಹಳ. ಹೀಗಾಗಿ ಶೀರ್ಷಿಕೆ, ಮುಖಚಿತ್ರ ಎರಡನ್ನೂ ನಂಬದೆ ವರ್ಷ ಯಾವುದು, ಜೊತೆಗೆ ಯಾರಿದ್ದಾರೆ ಎಂದು ನೋಡಿ ಕೊಳ್ಳುವುದೇ ಲೇಸು. 1974ರಲ್ಲಿ ಮಯಾಮಿಯ ಕ್ರೈಟೀರಿಯಾ ಸ್ಟುಡಿಯೋದಲ್ಲಿ ಮುದ್ರಿಸಿದ, 2014ರಲ್ಲಿ ಹೊರಬಂದ ಮೊದಲ ಕರಡುಗಳಂಥವು ಈ ರಾಶಿಯಲ್ಲಿ ಕಾಳು. ಎಪಿಕ್‌ನವರು ಗುರುತಿಸುವ ಮೊದಲೇ ಆ ಸಂಗೀತ ಬಹುಪಾಲು ಸಿದ್ಧವಾಗಿತ್ತು ಎಂದು ಅವು ತೋರಿಸುತ್ತವೆ.

ಇನ್ನು ಆ ವಾದ್ಯ. ಜಾಕೋ ಅದನ್ನು ‘ಬೇಸ್ ಆಫ್ ಡೂಮ್’ ಎಂದು ಕರೆಯುತ್ತಿದ್ದ. ಒಮ್ಮೆ ಸಿಟ್ಟಿನಲ್ಲಿ ಆತನೇ ಅದನ್ನು ಚೂರು ಮಾಡಿದ. ಫ್ಲಾರಿಡಾದ ಕುಶಲಕರ್ಮಿಗಳು ಹೋಳುಗಳನ್ನು ಅಂಟಿಸಿ ಜೋಡಿಸಿಕೊಟ್ಟರು. 1986ರಲ್ಲಿ ನ್ಯೂಯಾರ್ಕಿನ ಉದ್ಯಾನದ ಬೆಂಚಿನ ಮೇಲಿಂದ ಅದು ಕಾಣೆಯಾಯಿತು. ಎರಡು ದಶಕ ಕಳೆದ ಮೇಲೆ ಅದೇ ನಗರದ ವಾದ್ಯದಂಗಡಿಯೊಂದರಲ್ಲಿ ಅದು ಇರುವುದು ಬೆಳಕಿಗೆ ಬಂತು. ಹೋಳು ಜೋಡಿಸಿದ ಗೆರೆಗಳೇ ಗುರುತು. ಯಾರದೆಂಬ ತಕರಾರು ಎದ್ದಾಗ ಮೆಟಾಲಿಕಾ ತಂಡದ ಬೇಸ್ ವಾದಕ ರಾಬರ್ಟ್ ಟ್ರುಜಿಲೋ ಹಣ ಕೊಟ್ಟು ಬಿಡಿಸಿ, ಜಾಕೋನ ಮನೆಯವರ ಕೈಗೆ ಸಿಗುವಂತೆ ಮಾಡಿದ. ಮುಂದೆ ಜಾಕೋನ ಬದುಕಿನ ಬಗ್ಗೆ ಸಾಕ್ಷ್ಯಚಿತ್ರವೊಂದನ್ನು ನಿರ್ಮಿಸಿದವನೂ ಆತನೇ. ಚೂರುಗಳನ್ನು ಜೋಡಿಸಿದ ಆ ವಾದ್ಯವನ್ನು ಇನ್ನೂ ನುಡಿಸಬಹುದು.